ಫಿಲ್ಮ್ ಕ್ಲಬ್ಬಿನಲ್ಲಿ ‘ವೀಕೆಂಡ್’ ನೋಡಿದ್ದು

ಈ ಸಲ ನಮ್ಮ ಫಿಲ್ಮ್ ಕ್ಲಬ್ಬಿನಲ್ಲಿ ಆಂಡ್ರೂ ಹೇ ನಿರ್ದೇಶಿಸಿದ 2011ರ ಸಿನಿಮಾ ‘ವೀಕೆಂಡ್’ ತೋರಿಸಿದರು. ಹಟ ಹಿಡಿದು ಇದನ್ನು ಪಟ್ಟಿಗೆ ಸೇರಿಸಿದ್ದು ನಾನೇ.

ಕತೆ ಸಣ್ಣದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರು. ಈಜುಕೊಳದಲ್ಲಿ ಲೈಫ್‌ಗಾರ್ಡ್ ಆಗಿರುವ ರಸೆಲ್‌ಗೆ ಶುಕ್ರವಾರ ರಾತ್ರಿ ಗ್ಲೆನ್ ಸಿಗುತ್ತಾನೆ. ಭಾನುವಾರ ಗ್ಲೆನ್ ಓದಲು ಅಮೆರಿಕಕ್ಕೆ ಹೊರಡಬೇಕು. ನಡುವೆ ಬರೀ ಮಾತು, ಮುತ್ತು, ಜಗಳ.

ನನ್ನನ್ನು ಹಿಡಿದಿಟ್ಟಿದ್ದು ಒಂದು ದೃಶ್ಯ. ರಸೆಲ್ ಹೆತ್ತವರಿಲ್ಲದೆ ಬೆಳೆದವನು. ತಾನು ಗೇ ಅಂತ ಅಪ್ಪನಿಗೆ ಹೇಳುವ ಗಳಿಗೆ ಅವನ ಬದುಕಿನಲ್ಲಿ ಬಂದೇ ಇಲ್ಲ. ಹಾಸಿಗೆಯಲ್ಲಿ ಮಲಗಿರುವಾಗ ಗ್ಲೆನ್ ಅವನಿಗೆ ಅಪ್ಪನಾಗಿ ಎಲ್ಲ ಕೇಳಿಸಿಕೊಳ್ಳುತ್ತಾನೆ. ಎಷ್ಟು ಜನ ಈ ಮಾತನ್ನು ಒಳಗೇ ಇಟ್ಟುಕೊಂಡು ಬದುಕುತ್ತಾರೆ, ಅಲ್ವಾ? ನನ್ನ ಪಕ್ಕದಲ್ಲಿದ್ದವರು ಕಣ್ಣೊರೆಸಿಕೊಂಡರು. ನಾನೂ.

ಆಮೇಲಿನ ಚರ್ಚೆ ಜೋರಾಗಿತ್ತು. ಸ್ಟೇಷನ್ನಿನಲ್ಲಿ ಬೀಳ್ಕೊಡುವಾಗ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಹೇಳಿದ್ದು ನಮಗೆ ಕೇಳಿಸುವುದಿಲ್ಲ. ಅದು ಮೋಸ ಅಂತ ಒಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ. ಅಷ್ಟು ಹೊತ್ತು ಅವರ ಎಲ್ಲವನ್ನೂ ನೋಡಿದ್ದೇವೆ, ಆ ಒಂದು ಮಾತು ಅವರಿಬ್ಬರದ್ದೇ ಆಗಿರಲಿ. ಮುಂದಿನ ಸಲಕ್ಕೆ ಇದೇ ನಿರ್ದೇಶಕರ ‘45 ಇಯರ್ಸ್’ ಹಾಕಿ ಅಂತ ಕೇಳಿದ್ದೇನೆ.