ಹನ್ನೆರಡು ರೊಟ್ಟಿ

ಭಾನುವಾರ ಧಾರವಾಡದ ಮಾಳಮಡ್ಡಿಯಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಸೇರಿದ್ದೆವು. ಕತೆ ಬರೆಯುವ ಸ್ಪರ್ಧೆ. ದೊಡ್ಡದೇನಲ್ಲ, ಪರಿಚಯದವರೇ ಹದಿನೈದು ಮಂದಿ. ಗೆದ್ದವರಿಗೆ ಅರ್ಧ ಕಿಲೋ ಪೇಢೆ, ಸೋತವರಿಗೆ ಗಿರ್ಮಿಟ್ಟು. 55 ಪದ ದಾಟಬಾರದು, ಶೀರ್ಷಿಕೆ ಲೆಕ್ಕಕ್ಕಿಲ್ಲ. ಈ 55ರ ಆಟವನ್ನು 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ವಾರಪತ್ರಿಕೆ ಶುರು ಮಾಡಿತ್ತು. ಅಲ್ಲಿಂದ ಊರೂರು ಸುತ್ತಿ ಮಾಳಮಡ್ಡಿಗೂ ಬಂತು.

ಮೊದಲ ಅರ್ಧ ಗಂಟೆ ಜಗಳದಲ್ಲೇ ಹೋಯಿತು. ಕನ್ನಡದಲ್ಲಿ ಪದ ಎಣಿಸೋದು ಹೇಗೆ? ಒಬ್ಬ ಹುಡುಗ 'ಹೊರಟುಹೋಗಿಬಿಟ್ಟಿದ್ದನಂತಲ್ಲ' ಅಂತ ಬರೆದು ಅದು ಒಂದೇ ಪದ ಅಂದ. ಇಂಗ್ಲಿಷಿನವರು ಇಷ್ಟನ್ನು ಹೇಳಲು ಒಂದು ಸಾಲೇ ಖರ್ಚು ಮಾಡಬೇಕು. ನಡುವೆ ಜಾಗ ಬಿಡದೆ ಬರೆದದ್ದೆಲ್ಲ ಒಂದೇ ಪದ ಅಂತ ಕೊನೆಗೆ ತೀರ್ಮಾನವಾಯಿತು.

ಆ ಹೊತ್ತಿಗೆ ಆ ಓಣಿಗೆಲ್ಲ ಜೋಳದ ರೊಟ್ಟಿ ಮಾಡಿಕೊಡುವ ಅಕ್ಕ ಒಬ್ಬರು ಬಂದರು. ರೊಟ್ಟಿ ಕೊಟ್ಟು ಹೊರಟವರನ್ನು ಗೆಳತಿ ಬಿಡಲಿಲ್ಲ. "ನೀವೂ ಒಂದು ಬರೀರಿ ಅಕ್ಕಾರ" ಅಂತ ಕೂರಿಸಿದಳು. ಅವರು ಬೇಡ ಅನ್ನಲಿಲ್ಲ, ನಾಚಲೂ ಇಲ್ಲ. ಚೀಲದಿಂದ ಕಿರಾಣಿ ಚೀಟಿ ತೆಗೆದು, ಅದರ ಹಿಂದೆ ಬರೆದರು. ಬರೆಯುವಾಗ ಬೆರಳ ಸಂದಿಯಲ್ಲಿದ್ದ ಹಿಟ್ಟು ಚೀಟಿಯ ಮೇಲೆ ಉದುರುತ್ತಿತ್ತು. ಅದನ್ನು ಊದಿ ಮುಂದಿನ ಸಾಲು ಬರೆಯುತ್ತಿದ್ದರು. ಓದುವ ಸರದಿ ಬಂದಾಗ ಎದ್ದು ನಿಂತು ಓದಿದರು:

"ಅವ್ವ ದಿನಾ ಹನ್ನೆರಡು ರೊಟ್ಟಿ ಬಡೀತಿದ್ಲು. ಅಪ್ಪ ಹೋದ ಮ್ಯಾಲೆ ಒಂಬತ್ತಾದ್ವು. ಅಣ್ಣ ಬೆಂಗಳೂರಿಗೆ ಹೋದ ಮ್ಯಾಲೆ ಐದು. ನನ್ನ ಲಗ್ನಾದ ಮ್ಯಾಲೆ ಎರಡ. ನಿನ್ನೆ ತವರಿಗೆ ಹೋದಾಗ ಬುಟ್ಟ್ಯಾಗ ಹನ್ನೆರಡಿದ್ವು. ಯಾರು ಬರ್ತಾರಬೇ ಅಂತ ನಾ ಕೇಳಲಿಲ್ಲ. ಉಣ್ಣಾಕ ಕುಂತೆ."

30 ಪದ. ಇನ್ನೂ 25 ಬಾಕಿ ಇದ್ದವು, ಅವರಿಗೆ ಬೇಕಾಗಲಿಲ್ಲ.

ತೀರ್ಪು ಕೊಡಲು ಕೂತಿದ್ದವರು ಒಬ್ಬ ನಿವೃತ್ತ ಅಧ್ಯಾಪಕರು. ಚಷ್ಮಾ ತೆಗೆದು ಕೇಳಿದರು: "ಮುಂದ ಏನಾತು? ಯಾರು ಬಂದ್ರು? ಕತಿ ಮುಗೀಲೇ ಇಲ್ಲಲ್ಲ?"

ಆ ಅಕ್ಕ ಚೀಟಿ ಮಡಚುತ್ತಾ, "ಕತ್ಯಾಗಿನ ಆಕಿನೇ ಕೇಳಲಿಲ್ಲಲ್ರೀ ಸರ್. ನೀವ್ಯಾಕ ಕೇಳಾಕ ಹತ್ತೀರಿ?" ಅಂದರು.

ಜೋರು ಮಾಡಲಿಲ್ಲ, ಮರ್ಯಾದೆಯಿಂದಲೇ ಕೇಳಿದರು. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಸರ್ ಒಂದು ಕ್ಷಣ ಸುಮ್ಮನಾದರು. ಆಮೇಲೆ, ತಾಯಿಗೆ ಮರೆವು ಬಂದಿದೆ ಅಂತ ಒಂದು ಸಾಲು ಸೇರಿಸಿದರೆ ಕತೆ ಪೂರ್ತಿಯಾಗುತ್ತದೆ ಅಂತ ಸಲಹೆ ಕೊಟ್ಟರು. ಅವರು ಒಳ್ಳೆಯವರು, ಎಷ್ಟೋ ಹುಡುಗರಿಗೆ ಓದುವ ರುಚಿ ಹತ್ತಿಸಿದವರು. ಆದರೆ ಖಾಲಿ ಜಾಗ ಕಂಡರೆ ಅವರಿಗೆ ತಡೆಯೋದಿಲ್ಲ. ಪೇಢೆ ಹೋಗಿದ್ದು ಬೇರೆ ಕತೆಗೆ. ಗಂಡ ಹೆಂಡತಿ ಕತೆಯುದ್ದಕ್ಕೂ ಮಾತಾಡುತ್ತಾರೆ, ಕೊನೆಯ ಸಾಲಿನಲ್ಲಿ ನೋಡಿದರೆ ಗಂಡ ಸತ್ತು ವರ್ಷವಾಗಿದೆ. ಬಂದಿದ್ದ ಕತೆಗಳಲ್ಲಿ ಅರ್ಧಕ್ಕರ್ಧ ಹೀಗೇ ಇದ್ದವು. ಕೊನೆಗೆ ಒಂದು ಏಟು ಕೊಡಲೇಬೇಕು ಅನ್ನೋದು ಪುಟ್ಟ ಕತೆಗೆ ಅಂಟಿದ ರೋಗ. ಏಟು ತಿಂದ ಮೇಲೆ ಆ ಕತೆಯಲ್ಲಿ ಏನೂ ಉಳಿಯೋದಿಲ್ಲ. ಎರಡನೇ ಸಲ ಓದಿ ನೋಡಿ, ಗೊತ್ತಾಗುತ್ತೆ.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ವಾಪಸ್ ಬರುವಾಗ ನವನಗರ ದಾಟಿದರೂ ಅದೇ ಮಾತು. ಆಕಿನೇ ಕೇಳಲಿಲ್ಲಲ್ರೀ ಸರ್. ಕೇಳದೇ ಇರೋದೂ ಒಂದು ಪ್ರೀತಿ ಅಲ್ವಾ? ನಾವು ಈಗ ಎಲ್ಲವನ್ನೂ ಕೇಳುತ್ತೇವೆ. ಎಲ್ಲಿದ್ದೀಯಾ, ಯಾಕೆ ಫೋನ್ ಎತ್ತಲಿಲ್ಲ, ಯಾಕೆ ಮುಖ ಸಣ್ಣದಾಗಿದೆ. ಕಾಳಜಿ ಅಂದುಕೊಂಡೇ ಕೇಳುತ್ತೇವೆ. ತವರಿಗೆ ಬಂದ ಮಗಳು ಬುಟ್ಟಿ ನೋಡಿಯೂ ಸುಮ್ಮನೆ ಊಟಕ್ಕೆ ಕೂರುತ್ತಾಳಲ್ಲ, ಅವ್ವನ ಮಾನ ಅಲ್ಲಿ ಉಳಿಯಿತು.

ಇದು ಆ ಅಕ್ಕನಿಗೆ ಎಲ್ಲಿಂದ ಬಂತು ಅಂತ ಯೋಚಿಸಿದರೆ ಹೆಚ್ಚು ದೂರ ಹೋಗಬೇಕಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕೂತು ತ್ರಿಪದಿ ಹಾಡುತ್ತಿದ್ದರು. ಬರೀ ಮೂರು ಸಾಲು. ಅಷ್ಟರಲ್ಲೇ ತವರಿನ ದಾರಿ, ಬಾರದ ಅಣ್ಣ, ಅತ್ತೆಮನೆಯ ದುಃಖ ಎಲ್ಲ ಬಂದುಬಿಡುತ್ತಿತ್ತು. ಅತ್ತೆ ಒಳಗೇ ಇರುತ್ತಿದ್ದಳು, ಬಿಡಿಸಿ ಹೇಳುವ ಹಾಗಿರಲಿಲ್ಲ. ಮೂರನೇ ಸಾಲಿಗೆ ನಿಲ್ಲಿಸಬೇಕು, ಉಳಿದದ್ದು ಕೇಳುವವರ ಪಾಲು. ಅದನ್ನು ಕೇಳುತ್ತಾ ಬೆಳೆದವರಿಗೆ 55 ಪದ ಜಾಸ್ತಿಯೇ ಆಯಿತು. ಅಮೆರಿಕದ ಪತ್ರಿಕೆ ಯಾಕೆ ಬೇಕಿತ್ತು ನಮಗೆ ಅನ್ನಿಸಿತು.

ರಾತ್ರಿ ಅವ್ವನಿಗೆ ಕತೆ ಹೇಳಿದೆ. ಸರ್ ಹೇಳಿದ ಮರೆವಿನ ವಿಷಯವನ್ನೂ ಹೇಳಿದೆ. ಅವಳು ಸಿಟ್ಟಿಗೆದ್ದಳು. "ಮರವು ಯಾಕ ಬರ್ತೈತಿ? ಮಗಳು ಬರೂದು ಗೊತ್ತಾಗೇತಿ ಆಕಿಗೆ. ಮನಿ ತುಂಬೇತಿ ಅಂತ ಬಡ್ದಾಳ." ಹಾಗಾದರೆ ಐದು ಸಾಕಿತ್ತಲ್ಲ, ಹನ್ನೆರಡು ಯಾಕೆ ಅಂದೆ. "ಮಗಳು ಬಂದ್ರ ಲೆಕ್ಕಾ ಮಾಡ್ತಾರೇನ?" ಅಂದಳು. ಮೊನ್ನೆ ನನ್ನ ಮಗಳಿಗೆ ಹೇಳಿದಾಗ ಅವಳು, ಕತೆಯ ಆ ಬೆಂಗಳೂರಿನ ಅಣ್ಣ ಸಂಸಾರ ಸಮೇತ ಬರುತ್ತಿರಬೇಕು ಅಂದಳು. ಸರ್ ಹೇಳಿದ ಆ ಒಂದು ಸಾಲು ಸೇರಿದ್ದರೆ ಇವರಿಬ್ಬರಿಗೂ ಆ ಕತೆಯಲ್ಲಿ ಜಾಗವೇ ಇರುತ್ತಿರಲಿಲ್ಲ.

ಮುಂದಿನ ಸ್ಪರ್ಧೆ ಹುಬ್ಬಳ್ಳಿಯಲ್ಲಿ, ನಮ್ಮ ಮನೆಯಲ್ಲಿ. ಆ ಅಕ್ಕನಿಗೆ ಫೋನ್ ಮಾಡಿ ಕರೆದಿದ್ದೇನೆ, ರೊಟ್ಟಿ ತರಬೇಡಿ ಅಂತಲೂ ಹೇಳಿದ್ದೇನೆ. ಸರ್ ಕೂಡ ಬರುತ್ತಾರೆ. ನಿಯಮ ಒಂದು ಹೆಚ್ಚಾಗಿದೆ: ಕತೆ ಓದಿದವರನ್ನು ಮುಂದೇನಾಯಿತು ಅಂತ ಯಾರೂ ಕೇಳುವಂತಿಲ್ಲ.