ಹೆಲ್ಸಿಂಕಿ–ಟೋಕಿಯೊ: ಒಂಬತ್ತೂವರೆ ಗಂಟೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ

ಹೆಲ್ಸಿಂಕಿಯಿಂದ ಟೋಕಿಯೊಗೆ ನೇರ ಗೆರೆ ಎಳೆದರೆ ಸುಮಾರು 7,800 ಕಿ.ಮೀ. ಒಂಬತ್ತೂವರೆ ಗಂಟೆಯ ದಾರಿ ಅಂತ ಹಳೆಯ ಪ್ರವಾಸ ಪುಸ್ತಕಗಳಲ್ಲಿ ಈಗಲೂ ಸಿಗುತ್ತದೆ. ಆ ಲೆಕ್ಕ 2022ಕ್ಕೇ ಮುಗಿಯಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಸೈಬೀರಿಯದ ಮೇಲೆ ನೆಟ್ಟಗೆ ಹೋಗುವಂತಿಲ್ಲ. ಈಗ ಹೆಚ್ಚುಕಡಿಮೆ 13 ಗಂಟೆ ಕೂರಬೇಕು.

ನಾವು ಹೋಗುವಾಗ ವಿಮಾನ ದಕ್ಷಿಣಕ್ಕೆ ಬಳಸಿ, ಮಧ್ಯ ಏಷ್ಯಾದ ಮೇಲೆ ಹೋಯಿತು. ಬರುವಾಗ ಅಲಾಸ್ಕ ಕಡೆ ತಿರುಗಿ ಉತ್ತರ ಧ್ರುವ ದಾಟಿತು. ಆ ದಾರಿ 12,000 ಕಿ.ಮೀ.ಗೂ ಜಾಸ್ತಿ. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದಲ್ಲ, ಅದಕ್ಕೇ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಧ್ರುವ ನೋಡಬಹುದು ಅಂತ ಕಿಟಕಿ ಸೀಟಿಗೆ ದುಡ್ಡು ಸುರಿಯಬೇಡಿ, ಅದೂ ಚಳಿಗಾಲದಲ್ಲಿ. ಹೊರಗೆ ಬರೀ ಕತ್ತಲೆ. ಎದ್ದು ಓಡಾಡಲು ನಡುದಾರಿಯ ಪಕ್ಕದ ಸೀಟೇ ವಾಸಿ.

ಟಿಕೆಟ್ ಮೇಲಿರುವುದು ಆಯಾ ಊರಿನ ಸಮಯ. ಬೇಸಿಗೆಯಲ್ಲಿ ಟೋಕಿಯೊ 6 ಗಂಟೆ ಮುಂದೆ, ಚಳಿಗಾಲದಲ್ಲಿ 7. ಜಪಾನಿನವರು ಗಡಿಯಾರ ಮುಟ್ಟುವುದಿಲ್ಲ, ಫಿನ್‌ಲೆಂಡಿನವರು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ತಿರುಗಿಸುತ್ತಾರೆ. ಹನೇಡಾ ವಿಮಾನ ನಿಲ್ದಾಣಕ್ಕೆ ಟಿಕೆಟ್ ಸಿಕ್ಕರೆ ಸ್ವಲ್ಪ ಜಾಸ್ತಿಯಾದರೂ ತೆಗೆದುಕೊಳ್ಳಿ. ಇನ್ನೊಂದು ನಿಲ್ದಾಣ ನರೀತಾ ಊರಿನಿಂದ 60 ಕಿ.ಮೀ. ಆಚೆ, ಇಳಿದ ಮೇಲೆ ಇನ್ನೊಂದು ಪ್ರಯಾಣ.

ಟೋಕಿಯೊದಲ್ಲಿ ದೊಡ್ಡ ಹೋಟೆಲುಗಳ ಊಟ ಮರೆತೇ ಹೋಗಿದೆ. ರೈಲು ನಿಲ್ದಾಣಗಳಲ್ಲಿ ನಿಂತೇ ತಿನ್ನುವ ಸೋಬಾ (ತೆಳು ನೂಡಲ್ಸ್) ಅಂಗಡಿಗಳಿವೆ. ಬಾಗಿಲಲ್ಲಿ ಒಂದು ಯಂತ್ರ. ನೋಟು ಹಾಕಿ ಗುಂಡಿ ಒತ್ತಿದರೆ ಬೆರಳುದ್ದದ ಚೀಟಿ ಬರುತ್ತದೆ. ಕೌಂಟರಿನಲ್ಲಿಟ್ಟರೆ "ಸೋಬಾನಾ, ಉಡೋನಾ?" ಅಂತ ಅಷ್ಟೇ ಕೇಳುತ್ತಾರೆ. ಉಡೋನ್ ಅಂದರೆ ದಪ್ಪ ಗೋಧಿ ನೂಡಲ್ಸ್. ಒಂದೆರಡು ನಿಮಿಷದಲ್ಲಿ ಹಬೆಯಾಡುವ ಬಟ್ಟಲು ಮುಂದೆ. ಮೇಲೆ ಈರುಳ್ಳಿ, ಕ್ಯಾರೆಟ್ ಎಳೆಗಳನ್ನು ಹಿಟ್ಟಲ್ಲಿ ಅದ್ದಿ ಕರಿದ ಕಾಕಿಯಾಗೆ. ಮೊದಲು ಗರಿಗರಿ, ಆಮೇಲೆ ಸಾರು ಕುಡಿದು ಮೆತ್ತಗಾಗುತ್ತದೆ, ಆಗಲೇ ರುಚಿ. ಸುಮಾರು 500 ಯೆನ್. ಸೊರ್ ಅಂತ ಸದ್ದು ಮಾಡಿ ತಿನ್ನಿ, ಬಟ್ಟಲು ನೀವೇ ವಾಪಸ್ ಇಡಿ. ನಾನು ದಿನಾ ಹೋದೆ. ಸಸ್ಯಾಹಾರಿಗಳೇ, ಆ ಸಾರಿನ ಬುಡವೇ ಒಣಮೀನು. ಮೇಲಿನ ತರಕಾರಿ ನೋಡಿ ಮೋಸ ಹೋಗಬೇಡಿ.

ನನಗೆ ಸಿಟ್ಟು ಬಂದಿದ್ದು ವಾಪಸ್ ಬಂದಾಗ. ರಾತ್ರಿ ಟೋಕಿಯೊ ಬಿಟ್ಟ ವಿಮಾನ ಬೆಳಕು ಹರಿಯುವ ಮೊದಲೇ ಹೆಲ್ಸಿಂಕಿಯಲ್ಲಿ ಇಳಿಸಿತು. ರೂಮು ಸಿಗುವುದು ಮಧ್ಯಾಹ್ನ 3ಕ್ಕೆ. ಖಾಲಿ ಇದ್ದ ರೂಮನ್ನು ಬೆಳಗ್ಗೆಯೇ ಕೊಡಲು ಒಂದು ಪೂರ್ತಿ ರಾತ್ರಿಯ ಬಾಡಿಗೆ ಕೇಳಿದರು. ಕಣ್ಣು ಎಳೆಯುತ್ತಿತ್ತು, ಕೊಟ್ಟೆ. ನೀವು ಕೊಡಬೇಡಿ. ವಿಮಾನ ನಿಲ್ದಾಣದಿಂದ ಲೋಕಲ್ ರೈಲಲ್ಲಿ ಅರ್ಧ ಗಂಟೆಗೆ ಊರೊಳಗಿನ ಮುಖ್ಯ ನಿಲ್ದಾಣ. ಅಲ್ಲಿನ ಲಾಕರಿನಲ್ಲಿ ಚೀಲ ಇಡಿ. ಪಕ್ಕದಲ್ಲೇ ‘ಓಡಿ’ (Oodi) ಅನ್ನುವ ಗ್ರಂಥಾಲಯ. ವಾರದ ದಿನ ಬೆಳಗ್ಗೆ 8ಕ್ಕೆ ತೆರೆಯುತ್ತದೆ, ಪ್ರವೇಶಕ್ಕೆ ಕಾಸಿಲ್ಲ, ಕುರ್ಚಿಗಳು ಆ ರೂಮಿನ ಹಾಸಿಗೆಗಿಂತ ಚೆನ್ನಾಗಿವೆ. ಶನಿವಾರ, ಭಾನುವಾರ ಮಾತ್ರ ತಡವಾಗಿ ತೆರೆಯುತ್ತಾರೆ, ಅದಕ್ಕೇ ವಾಪಸ್ ಟಿಕೆಟ್ ವಾರದ ಮಧ್ಯಕ್ಕೆ ಮಾಡಿಸಿ.