ರಾತ್ರಿ ಹತ್ತರ ಮೇಲೆ ಕ್ವಾಂಟಮ್

ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಕೆಲಸದ ಜೊತೆಗೇ ಫಿಸಿಕ್ಸ್ ಆನರ್ಸ್ ಮಾಡುತ್ತಿದ್ದೇನೆ. ಡಿಗ್ರಿಗೆ 360 ಕ್ರೆಡಿಟ್ ಬೇಕು, ವರ್ಷಕ್ಕೆ 60ರಂತೆ ಆರು ವರ್ಷ. ಮೊದಲೆರಡು ಹಂತ ಹೇಗೋ ದಾಟಿದೆ. ಈಗ ಕ್ವಾಂಟಮ್ ಮೆಕ್ಯಾನಿಕ್ಸ್, ಅಂದರೆ ಎಲೆಕ್ಟ್ರಾನಿನಂಥ ಅತಿ ಸಣ್ಣ ಕಣಗಳ ಫಿಸಿಕ್ಸ್. ಮಗ ಮಲಗಿದ ಮೇಲೆ ಅಡುಗೆಮನೆ ಟೇಬಲ್ಲೇ ಕ್ಲಾಸು.

ಮೊನ್ನೆ ‘ಎಲ್’ ಉದ್ದದ ಡಬ್ಬಿಯೊಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನಿನ ಲೆಕ್ಕ. ಎರಡನೇ ಮಟ್ಟದ ಶಕ್ತಿ ಮೊದಲನೆಯದರ ನಾಲ್ಕು ಪಟ್ಟು, ಮೂರನೆಯದು ಒಂಬತ್ತು ಪಟ್ಟು, ಅದೆಲ್ಲ ಬಾಯಿಪಾಠ, ಆದರೆ ಅಲೆಯ ಫಂಕ್ಷನ್ (ಕಣ ಎಲ್ಲಿ ಸಿಗಬಹುದು ಅಂತ ಲೆಕ್ಕ ಹಾಕೋ ಸೂತ್ರ) ಮುಂದಿನ 2/ಎಲ್‌ಗೆ ವರ್ಗಮೂಲದ ಚಿಹ್ನೆ ಹಾಕೋದೇ ಮರೆತು ಎರಡು ಪುಟ ತುಂಬಿಸಿದ್ದೆ. ಕಣ ಡಬ್ಬಿಯೊಳಗೆ ಎಲ್ಲಾದರೂ ಇರುವ ಸಂಭವನೀಯತೆ 1 ಬರಬೇಕು ಅಲ್ವಾ? ಬಂದದ್ದು 2/ಎಲ್. ಬರೀ ಸಂಖ್ಯೆಯಾಗಿರಬೇಕಾದ ಸಂಭವನೀಯತೆಗೆ ಮೀಟರಿನ ಲೆಕ್ಕ! ನಗು ಬಂತು, ಆಗಲೇ ಹನ್ನೊಂದೂವರೆ. ಆರಿದ ಕಾಫಿ ಬಿಸಿ ಮಾಡಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದೆ.